ಕಸ ಗುಡಿಸುವುದು ಸಣ್ಣ ಕೆಲಸವೇ?



ರಮಝಾನ್ ಬಂತೆಂದರೆ ನಮ್ಮಲ್ಲಿ ಶುದ್ಧಿಯ ಮಾತು ಹೆಚ್ಚುತ್ತದೆ. ಮನಸ್ಸಿನ ಶುದ್ಧಿ, ನಾಲಗೆಯ ಶುದ್ಧಿ, ಝಕಾತ್ ಕೊಟ್ಟು ಸಂಪತ್ತಿನ ಶುದ್ಧಿ. ಇವುಗಳ ಬಗ್ಗೆ ಉಸ್ತಾದರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬರೆಯಹೊರಟಿರುವುದು ನೆಲ, ಗಾಜು, ಮೆಟ್ಟಿಲು, ಶೌಚಾಲಯಗಳ ಶುದ್ಧಿಯ ಬಗ್ಗೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡು ದುಬೈ, ಅಬುಧಾಬಿಯ ಕಟ್ಟಡಗಳಲ್ಲಿ ದುಡಿಯುತ್ತಿರುವ ನಮ್ಮವರ ಬಗ್ಗೆ.

ನಾನು ವೃತ್ತಿಯಲ್ಲಿ ಲೆಕ್ಕ ಬರೆಯುವವನು. ರಜೆಯ ದಿನಗಳಲ್ಲಿ ಸಂಬಳದ ಸ್ಲಿಪ್ಪು, ಕರಾರುಪತ್ರ ಹಿಡಿದುಕೊಂಡು ಕೆಲವರು ಬರುತ್ತಾರೆ. ಓವರ್‌ಟೈಮ್ ಸರಿ ಇದೆಯಾ, ಗ್ರಾಚ್ಯುಟಿ ಎಷ್ಟು ಸಿಗಬಹುದು ಎಂದು ಕೇಳುತ್ತಾರೆ. ಅವರಲ್ಲಿ ಕ್ಲೀನಿಂಗ್ ಕಂಪೆನಿಗಳಲ್ಲಿ ಇರುವವರು ಲೆಕ್ಕ ಮುಗಿದು ಎದ್ದು ಹೋಗುವಾಗ ಒಂದು ಮಾತು ಸೇರಿಸುವುದುಂಟು: "ಭಾಯಿ, ಊರಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಹೇಳ್ಬೇಡಿ." ಕಳ್ಳತನ ಮಾಡಿದವನು ಕೂಡ ಇಷ್ಟು ತಗ್ಗಿದ ದನಿಯಲ್ಲಿ ಮಾತಾಡಲಿಕ್ಕಿಲ್ಲ.

ಬೆವರು ಸುರಿಸಿ ಹಲಾಲಾಗಿ ದುಡಿದವನು ಯಾಕೆ ತಲೆ ತಗ್ಗಿಸಬೇಕು? ಈ ನಾಚಿಕೆಯನ್ನು ನಮಗೆ ಕಲಿಸಿದವರು ಯಾರು? ದೀನ್ ಕಲಿಸಿತೇ, ಅಥವಾ ಊರಿನಿಂದ ಬರುವಾಗ ನಮ್ಮ ಗಂಟಿನಲ್ಲಿ ನಾವೇ ಕಟ್ಟಿಕೊಂಡು ಬಂದೆವೇ?

ಮದೀನಾದ ಮಸೀದಿ ಗುಡಿಸುತ್ತಿದ್ದಾಕೆ

ಮದ್ರಸದಲ್ಲಿ ಕಲಿತ ಒಂದು ಘಟನೆಯನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರುತ್ತೀರಿ. ಹ. ಅಬೂ ಹುರೈರಾ(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಮದೀನಾದ ಪ್ರವಾದಿ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಕಪ್ಪು ವರ್ಣದ ಒಬ್ಬಾಕೆ ಇದ್ದಳು. ಕೆಲವು ವರದಿಗಳಲ್ಲಿ ಉಮ್ಮು ಮಿಹ್ಜನ್ ಎಂಬ ಹೆಸರಿದೆ. ಇನ್ನು ಕೆಲವು ವರದಿಗಳಲ್ಲಿ ಅದು ಗಂಡಸೋ ಹೆಂಗಸೋ ಎಂಬುದೇ ಖಚಿತವಿಲ್ಲ. ಒಂದು ದಿನ ಆಕೆ ಕಾಣಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿದರು. ತೀರಿಕೊಂಡಳೆಂದೂ ದಫನ್ ಮುಗಿಯಿತೆಂದೂ ಸಹಾಬಿಗಳು ತಿಳಿಸಿದರು. ರಾತ್ರಿಯ ಹೊತ್ತು, ಇಷ್ಟಕ್ಕಾಗಿ ಪ್ರವಾದಿಯವರಿಗೆ ತೊಂದರೆ ಕೊಡುವುದೇಕೆ ಎಂದು ಅವರಿಗೆ ಅನ್ನಿಸಿತ್ತು. ನನಗೆ ಯಾಕೆ ತಿಳಿಸಲಿಲ್ಲ ಎಂದು ಪ್ರವಾದಿವರ್ಯರು(ಸ) ಕೇಳಿದರು. ಆಕೆಯ ಗೋರಿ ಎಲ್ಲಿದೆ ತೋರಿಸಿ ಎಂದು ಹೇಳಿ, ಅಲ್ಲಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು.

ಈ ಘಟನೆಯನ್ನು ಹೆಚ್ಚಾಗಿ ಮಸೀದಿ ಸ್ವಚ್ಛಗೊಳಿಸುವುದರ ಪುಣ್ಯವನ್ನು ವಿವರಿಸಲು ಹೇಳುತ್ತಾರೆ. ಅದು ಸರಿಯೇ. ಆದರೆ ನನಗೆ ಅದರಲ್ಲಿ ಇನ್ನೊಂದು ವಿಷಯ ಮುಖ್ಯವಾಗಿ ಕಾಣುತ್ತದೆ. ಸಹಾಬಿಗಳು ಕೆಟ್ಟವರಾಗಿರಲಿಲ್ಲ. ಆಕೆಯನ್ನು ಗೌರವದಿಂದಲೇ ದಫನ್ ಮಾಡಿದ್ದರು. ಅವರಿಂದ ತಪ್ಪಿಹೋದದ್ದು ಇಷ್ಟೇ: ಆಕೆಯ ಸಾವು ಒಂದು ಸುದ್ದಿ ಎಂದು ಅವರಿಗೆ ಅನ್ನಿಸಲಿಲ್ಲ. ಇದು ಹೇಳಬೇಕಾದಷ್ಟು ದೊಡ್ಡ ವಿಷಯವಲ್ಲ ಎಂದುಕೊಂಡರು. ಪ್ರವಾದಿವರ್ಯರು(ಸ) ತಿದ್ದಿದ್ದು ಆ 'ದೊಡ್ಡ', 'ಸಣ್ಣ' ಎಂಬ ಅಳತೆಯನ್ನು.

ಇನ್ನೊಂದನ್ನು ಗಮನಿಸಿ. ಆಕೆ ಗುಡಿಸುತ್ತಿದ್ದಾಗ ಯಾರು ಏನು ಹೊಗಳಿದರು ಎಂಬ ವಿವರ ಈ ವರದಿಯಲ್ಲಿ ಇಲ್ಲ. ಆಕೆ ಕಾಣದೇ ಹೋದದ್ದನ್ನು ಪ್ರವಾದಿವರ್ಯರು(ಸ) ಗಮನಿಸಿದ್ದರು ಎಂಬುದು ಇದೆ. ಒಂದು ರಾಜ್ಯವನ್ನೇ ನಡೆಸುತ್ತಿದ್ದವರಿಗೆ ಮಸೀದಿಯ ನೆಲ ಗುಡಿಸುವವಳು ಇವತ್ತು ಬಂದಿಲ್ಲ ಎಂಬುದು ತಿಳಿದಿತ್ತು.

ಪೊರಕೆ ಯಾರ ಕೈಯಲ್ಲಿತ್ತು?

ಅಲ್ಲಾಹನು ಹ. ಇಬ್ರಾಹೀಮ್(ಅ) ಮತ್ತು ಹ. ಇಸ್ಮಾಈಲ್(ಅ)ರಿಗೆ ಕೊಟ್ಟ ಆಜ್ಞೆಗಳಲ್ಲಿ ಕಅಬಾವನ್ನು ಶುದ್ಧವಾಗಿಡಬೇಕೆಂಬುದೂ ಒಂದು. ಸೂರಃ ಅಲ್‌ಬಕರದಲ್ಲಿ ಅದರ ಪ್ರಸ್ತಾಪವಿದೆ. ತವಾಫ್ ಮಾಡುವವರಿಗಾಗಿ, ಇಅ್‌ತಿಕಾಫ್ ಕೂರುವವರಿಗಾಗಿ, ರುಕೂಅ್ ಸುಜೂದ್ ಮಾಡುವವರಿಗಾಗಿ ಆ ಭವನ ಶುದ್ಧವಾಗಿರಬೇಕು. ಆ ಕೆಲಸವನ್ನು ಅಲ್ಲಾಹನು ಒಪ್ಪಿಸಿದ್ದು ಇಬ್ಬರು ಪ್ರವಾದಿಗಳಿಗೆ.

ಒಮ್ಮೆ ಮಸೀದಿಯ ಕಿಬ್ಲಾ ಗೋಡೆಯ ಮೇಲೆ ಯಾರೋ ಉಗುಳಿದ್ದು ಕಂಡಾಗ ಪ್ರವಾದಿವರ್ಯರಿಗೆ(ಸ) ಬೇಸರವಾಯಿತು. ಆದರೆ ಅವರು ಯಾರನ್ನೂ ಕರೆದು ಒರೆಸಲು ಹೇಳಲಿಲ್ಲ. ತಾವೇ ಎದ್ದು ಹೋಗಿ ಅದನ್ನು ಕೆರೆದು ತೆಗೆದರು. ಮನೆಯಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹ. ಆಯಿಶಾ(ರ) ಕೊಟ್ಟ ಉತ್ತರ, ಮನೆಗೆಲಸದಲ್ಲಿ ತೊಡಗಿರುತ್ತಿದ್ದರು, ಅಝಾನ್ ಆದಾಗ ನಮಾಝ್‌ಗೆ ಹೊರಡುತ್ತಿದ್ದರು ಎಂದು.

ಇಂದಿಗೂ ಕಅಬಾದ ಒಳಭಾಗವನ್ನು ಝಂಝಂ ಮತ್ತು ಗುಲಾಬಿ ನೀರಿನಿಂದ ತೊಳೆಯುವ ಕ್ರಮವಿದೆ. ಅಂದು ನೆಲ, ಗೋಡೆ ಒರೆಸಲು ಕೈಹಾಕುವವರು ಗವರ್ನರುಗಳು, ರಾಯಭಾರಿಗಳು, ಆಹ್ವಾನಿತ ಗಣ್ಯರು. ಆ ಅವಕಾಶ ಸಿಕ್ಕಿದರೆ ಅದನ್ನು ಜೀವನವಿಡೀ ಹೇಳಿಕೊಳ್ಳುತ್ತಾರೆ. 1986ರಲ್ಲಿ ಸೌದಿಯ ದೊರೆ ಫಹದ್ ತಮ್ಮ ಅಧಿಕೃತ ಬಿರುದಾಗಿ ಆರಿಸಿಕೊಂಡದ್ದು 'ಖಾದಿಮುಲ್ ಹರಮೈನ್' ಎಂಬುದನ್ನು. ಖಾದಿಮ್ ಎಂದರೆ ಸೇವಕ. ದೊಡ್ಡವರ ಕೈಗೆ ಪೊರಕೆ ಬಂದರೆ ಅದು ಗೌರವ, ಬಡವನ ಕೈಗೆ ಬಂದರೆ ಅವಮಾನ ಎಂದಾದರೆ, ಅವಮಾನ ಪೊರಕೆಯಲ್ಲಿ ಇಲ್ಲ. ನಾವು ಬಡವನನ್ನು ನೋಡುವ ಕಣ್ಣಿನಲ್ಲಿದೆ.

"ಅದು ಅಲ್ಲಾಹನ ಭವನ, ನಾವು ಒರೆಸುವುದು ಮಾಲ್‌ನ ಟಾಯ್ಲೆಟ್" ಎಂದು ನೀವು ಹೇಳಬಹುದು. ನಿಜ, ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ದಾರಿಯಲ್ಲಿ ಬಿದ್ದಿರುವ ತೊಂದರೆಯ ವಸ್ತುವನ್ನು ತೆಗೆದು ಹಾಕುವುದನ್ನು ಪ್ರವಾದಿವರ್ಯರು(ಸ) ಈಮಾನಿನ ಶಾಖೆಗಳಲ್ಲಿ ಎಣಿಸಿದ್ದಾರೆ. ಅದು ಮಸೀದಿಯ ದಾರಿಯೇ ಆಗಬೇಕೆಂದು ಹೇಳಲಿಲ್ಲ. ಆ ದಾರಿಯಲ್ಲಿ ನಡೆಯುವವರು ಯಾರು, ಯಾವ ದೇಶದವರು, ಯಾವ ಧರ್ಮದವರು ಎಂದೂ ಕೇಳಲಿಲ್ಲ. ಒದ್ದೆ ನೆಲದಲ್ಲಿ ವೃದ್ಧರೊಬ್ಬರು ಜಾರಿ ಬೀಳದಿರಲೆಂದು ಹಳದಿ ಬೋರ್ಡ್ ಇಟ್ಟು ನೀರು ಒರೆಸುವವನು ಆ ಶಾಖೆಯ ನೆರಳಿನಲ್ಲೇ ಇದ್ದಾನೆ. ನಿಯ್ಯತ್ತು ಮಾತ್ರ ಇರಲಿ.

ನಾಚಿಕೆ ಬಂದದ್ದು ಎಲ್ಲಿಂದ?

ಹಾಗಾದರೆ ಈ ನಾಚಿಕೆ ಎಲ್ಲಿಂದ ಬಂತು? ನೇರವಾಗಿ ಹೇಳುವುದಾದರೆ, ನಮ್ಮ ಊರಿನ ಜಾತಿ ವ್ಯವಸ್ಥೆಯಿಂದ ಬಂತು. ನಮ್ಮ ನಾಡಿನಲ್ಲಿ ಕಸ ಮತ್ತು ಮಲ ಬಳಿಯುವ ಕೆಲಸವನ್ನು ಕೆಲವು ಜಾತಿಗಳ ಹಣೆಗೆ ಕಟ್ಟಿದ್ದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಆಮೇಲೂ ಅದು ಪೂರ್ತಿ ನಿಲ್ಲಲಿಲ್ಲ. 2013ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಹೊಸ ಕಾನೂನೇ ಬರಬೇಕಾಯಿತು.

ಆ ಕೆಲಸ ಮಾಡುವವರನ್ನು ಮುಟ್ಟದವರ ನಡುವೆ ನಾವೂ ಬೆಳೆದೆವು. ನಮ್ಮ ಮಸೀದಿಯ ಸಫ್ಪಿನಲ್ಲಿ ಜಾತಿ ಇಲ್ಲ ಎನ್ನುತ್ತೇವೆ. ಅಲ್ಲಾಹನ ಬಳಿ ಶ್ರೇಷ್ಠನಾಗುವುದು ತಕ್ವಾದಿಂದ ಎಂದು ಖುತ್ಬಾದಲ್ಲಿ ಕೇಳುತ್ತೇವೆ. ಆದರೆ ಪೌರಕಾರ್ಮಿಕ ಮನೆ ಬಾಗಿಲಿಗೆ ಬಂದು ನೀರು ಕೇಳಿದರೆ ಬೇರೆ ಲೋಟ ಹುಡುಕುವ ಮನೆಗಳು ನಮ್ಮವರಲ್ಲೂ ಇಲ್ಲವೇ? ಕಡಲು ದಾಟಿ ಬಂದ ಮೇಲೆ ಅದೇ ಕೆಲಸ ನಮ್ಮ ಪಾಲಿಗೆ ಬಂದಾಗ ಆ ಕಣ್ಣು ನಮ್ಮ ಕಡೆಗೇ ತಿರುಗಿತು. ಇನ್ನೊಬ್ಬರನ್ನು ನೋಡಲು ನಾವು ಇಟ್ಟುಕೊಂಡಿದ್ದ ಕಣ್ಣಿನಿಂದ ಈಗ ನಮ್ಮನ್ನೇ ನೋಡಿಕೊಂಡು ಕುಗ್ಗುತ್ತಿದ್ದೇವೆ.

ಅದೇ ನಾಡಿನಲ್ಲಿ ಬೇರೆ ದನಿಯೂ ಇತ್ತು. 12ನೇ ಶತಮಾನದಲ್ಲಿ ಕಲ್ಯಾಣದ, ಅಂದರೆ ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣದ, ಶರಣರು ದುಡಿಮೆಯನ್ನು ಕಾಯಕ ಎಂದು ಕರೆದು ಅದಕ್ಕೆ ಪೂಜೆಯ ಸ್ಥಾನ ಕೊಟ್ಟರು. ಸತ್ಯಕ್ಕ ಎಂಬ ಶರಣೆಯ ಕಾಯಕ ಭಕ್ತರ ಮನೆಯಂಗಳ ಗುಡಿಸುವುದು. ವಚನ ಬರೆದವರ ಸಾಲಿನಲ್ಲಿ ಆಕೆಯ ಹೆಸರೂ ಇದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹುಟ್ಟಿದ ಭಾಷೆ ನಮ್ಮದು. ಮೊಸರನ್ನು ಒಪ್ಪಿಕೊಂಡು ಕೆಸರಿಗೆ ಮೂಗು ಮುರಿಯುವುದು ನ್ಯಾಯವಲ್ಲ.

ಮತ್ತೆ ಮತ್ತೆ ಕೊಳೆಯಾಗುವ ನೆಲ

ಶುಚಿ ಕೆಲಸದಲ್ಲಿರುವ ಒಬ್ಬ ತರುಣ ಒಮ್ಮೆ ಹೇಳಿದ: "ಮೇಸ್ತ್ರಿ ಒಂದು ಗೋಡೆ ಕಟ್ಟಿದರೆ ಅದು ಅಲ್ಲೇ ಇರ್ತದೆ. ನಾನು ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಹೆಜ್ಜೆ ಗುರುತು. ಆರು ವರ್ಷ ಆಯ್ತು, ನಾನು ಮಾಡಿದ್ದು ಅಂತ ತೋರಿಸ್ಲಿಕ್ಕೆ ಏನೂ ಇಲ್ಲ." ಸಂಬಳ ಕಡಿಮೆ ಎಂಬುದಕ್ಕಿಂತ ಈ ಮಾತು ಅವನನ್ನು ಹೆಚ್ಚು ಕಾಡುತ್ತಿತ್ತು.

ಲೆಕ್ಕದ ಪುಸ್ತಕದಲ್ಲಿ ಕೂಡ ಹಾಗೆಯೇ. ಕಟ್ಟಡವನ್ನು ಆಸ್ತಿ ಎಂದು ಬರೆಯುತ್ತೇವೆ. ಲಿಫ್ಟ್, ಏ.ಸಿ. ಯಂತ್ರ ಎಲ್ಲವೂ ಆಸ್ತಿ. ಶುಚಿಗೊಳಿಸುವ ಬಾಬ್ತು ಬರುವುದು ಖರ್ಚಿನ ಕಡೆ. ವರ್ಷದ ಕೊನೆಗೆ ಅದರ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಖರ್ಚು ಕಡಿಮೆ ಮಾಡಬೇಕೆಂದು ಮಾಲೀಕರು ಹೇಳಿದಾಗ ಮೊದಲು ಕತ್ತರಿ ಬೀಳುವುದೂ ಹೆಚ್ಚಾಗಿ ಅಲ್ಲಿಗೇ. ಆದರೆ ಶುಚಿ ಕೆಲಸದವರು ಒಂದು ವಾರ ಬಾರದಿದ್ದರೆ ಆ ಆಸ್ತಿಯ ಗತಿ ಏನು? ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ ಎಂದು ಎಲ್ಲರಿಗೂ ಗೊತ್ತು. ಅದರ 24 ಸಾವಿರಕ್ಕೂ ಹೆಚ್ಚು ಕಿಟಕಿಗಳ ಗಾಜನ್ನು ಒಂದು ಸುತ್ತು ಒರೆಸಿ ಮುಗಿಸಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಮರುಭೂಮಿಯ ಧೂಳು ಮೊದಲು ಒರೆಸಿದ ಗಾಜಿನ ಮೇಲೆ ಕೂತಿರುತ್ತದೆ. ಅಬುಧಾಬಿಯ ಶೇಖ್ ಝಾಯಿದ್ ಮಸೀದಿಯಲ್ಲಿ 5,600 ಚದರ ಮೀಟರ್‌ಗಿಂತ ದೊಡ್ಡ ಒಂದೇ ನೆಲಹಾಸಿದೆ. ಅದನ್ನು ನೇಯ್ದವರ ಕೈಚಳಕ ನೋಡಿ ಬೆರಗಾಗುತ್ತೇವೆ. ಸಾವಿರಾರು ಜನ ನಮಾಝ್ ಮಾಡಿ ಹೋದ ಮೇಲೆ ಅದು ಮರುದಿನವೂ ಹಾಗೆಯೇ ಕಾಣುವಂತೆ ಮಾಡುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಉಳಿಯದ ಕೆಲಸಕ್ಕೆ ಬೆಲೆ ಇಲ್ಲವೇ? ನಮ್ಮ ವುಝೂವನ್ನೇ ನೋಡಿ. ಸುಬ್‌ಹಿಗೆ ಮಾಡಿದ ವುಝೂ ಝುಹ್ರಿನ ತನಕ ಉಳಿಯುವುದು ಅಪರೂಪ. ಮತ್ತೆ ತೊಳೆಯುತ್ತೇವೆ. ನಿನ್ನೆಯ ನಮಾಝ್ ಇವತ್ತಿಗೆ ಸಾಲುವುದಿಲ್ಲ. ಕಳೆದ ವರ್ಷದ ಉಪವಾಸ ಈ ವರ್ಷಕ್ಕೆ ಆಗುವುದಿಲ್ಲ. ಮನೆ ಬಾಗಿಲಲ್ಲೇ ಹರಿಯುವ ಹೊಳೆಯಲ್ಲಿ ದಿನಕ್ಕೆ ಐದು ಸಲ ಮಿಂದವನ ಮೈಯಲ್ಲಿ ಕೊಳೆ ಉಳಿಯದು ಎಂಬ ಉದಾಹರಣೆ ಕೊಟ್ಟು ಪ್ರವಾದಿವರ್ಯರು(ಸ) ಐದು ಹೊತ್ತಿನ ನಮಾಝನ್ನು ವಿವರಿಸಿದ್ದಾರೆ. ಮನುಷ್ಯ ಮತ್ತೆ ಕೊಳೆಯಾಗುತ್ತಾನೆ, ಮತ್ತೆ ತೊಳೆಯಬೇಕು. ಇಬಾದತ್ ನಡೆಯುವುದೇ ಹೀಗೆ. ಅಮ್ಮ ಪ್ರತಿದಿನ ಅಂಗಳ ಗುಡಿಸಿದಳು, ಪಾತ್ರೆ ತೊಳೆದಳು. ಇವತ್ತು ತೋರಿಸಲು ಒಂದು ಗೋಡೆಯೂ ಇಲ್ಲ. ಆದರೆ ನಾವು ರೋಗ ತಗಲದೆ ಬೆಳೆದು ನಿಂತೆವು. ಒರೆಸಿದ ನೆಲ ಉಳಿಯದಿರಬಹುದು. ಆ ನೆಲದ ಮೇಲೆ ಕೆಡದೆ ನಡೆದ ಆಸ್ಪತ್ರೆ, ಶಾಲೆ, ಮಸೀದಿ ಉಳಿದಿವೆ. ಮಲಕ್‌ಗಳು ಬರೆಯುವ ಪುಸ್ತಕದಲ್ಲಿ ಇದು ಖರ್ಚಿನ ಬದಿಗೆ ಬರುವುದಿಲ್ಲ ಎಂಬುದು ನನ್ನ ನಂಬಿಕೆ.

ಒಂದು ಶರತ್ತು ಇದೆ. ಕೆಲಸದಲ್ಲಿ ಅಮಾನತ್ ಇರಬೇಕು. ಸೂಪರ್‌ವೈಸರ್ ಬರುವ ಜಾಗ ಮಾತ್ರ ಹೊಳೆಯುವಂತೆ ಮಾಡಿ, ಮೂಲೆಯನ್ನು ಹಾಗೆಯೇ ಬಿಡುವುದು ಅಳತೆಯಲ್ಲಿ ಕಡಿಮೆ ಕೊಟ್ಟಂತೆ. ಬುಟ್ಟಿಯಲ್ಲಿ, ಟಾಯ್ಲೆಟಿನಲ್ಲಿ ಸಿಕ್ಕಿದ ಪರ್ಸು, ಉಂಗುರವನ್ನು ಮರಳಿಸಿದ ಕ್ಲೀನರ್‌ಗಳನ್ನು ದುಬೈ ಪೊಲೀಸರು ಸನ್ಮಾನಿಸಿದ ಸುದ್ದಿ ಆಗಾಗ ಓದುತ್ತೇವೆ. ಕ್ಯಾಮೆರಾ ಇಲ್ಲದ ಮೂಲೆಯಲ್ಲೂ ಅದನ್ನೇ ಮಾಡುವವನು ಉಪವಾಸದ ಅರ್ಥ ತಿಳಿದವನು. ಯಾರೂ ನೋಡದಾಗ ಒಂದು ಗುಟುಕು ನೀರು ಕುಡಿಯದೆ ಇರುವುದನ್ನು ಉಪವಾಸ ಕಲಿಸುತ್ತದೆ. ಮೂಲೆ ಗುಡಿಸುವುದೂ ಅದೇ ಪಾಠ.

ಈ ಬಟ್ಟೆಯಲ್ಲಿ ನಮಾಝ್ ಆಗುತ್ತದೆಯೇ?

ಟಾಯ್ಲೆಟ್ ತೊಳೆಯುವ ಕೆಲವರು ಹಗಲಿನ ನಮಾಝ್‌ಗಳನ್ನು ಬಿಟ್ಟು ರಾತ್ರಿ ಕ್ಯಾಂಪಿಗೆ ಹೋಗಿ, ಮಿಂದು, ಒಟ್ಟಿಗೆ ಖಝಾ ಮಾಡುತ್ತಾರೆ. ಯಾಕೆಂದು ಕೇಳಿದರೆ, "ಯೂನಿಫಾರಂ ಮೇಲೆ ಏನು ಸಿಡಿದಿದೆಯೋ" ಎನ್ನುತ್ತಾರೆ. ಇದು ತಕ್ವಾದಂತೆ ಕಂಡರೂ ಇದರ ಹಿಂದೆ ಆ ಹಳೆಯ ನಾಚಿಕೆಯೇ ಕೆಲಸ ಮಾಡುತ್ತಿದೆ. ನಾನೇ ಕೊಳೆ ಎಂಬ ಭಾವನೆ ಅದು.

ಫಿಕ್‌ಹಿನಲ್ಲಿ ಎಲ್ಲರೂ ಒಪ್ಪುವ ಒಂದು ತತ್ವವಿದೆ. ಖಚಿತವಾದದ್ದು ಸಂಶಯದಿಂದ ಹೋಗುವುದಿಲ್ಲ. ಬಟ್ಟೆ ಶುದ್ಧವಾಗಿತ್ತು ಎಂಬುದು ಖಚಿತ, ನಜೀಸ್ ತಾಗಿತೋ ಏನೋ ಎಂಬುದು ಬರೀ ಸಂಶಯ. ಹಾಗಾದರೆ ಬಟ್ಟೆ ಶುದ್ಧವೇ. ತಾಗಿದ್ದು ಕಣ್ಣಿಗೆ ಕಂಡರೆ ಆ ಜಾಗವನ್ನು ನೀರಿನಿಂದ ತೊಳೆದುಕೊಳ್ಳಿ. ಹಳ್ಳಿಗನೊಬ್ಬ ಬಂದು ಮಸೀದಿಯೊಳಗೇ ಮೂತ್ರ ಮಾಡಿದಾಗ ಸಹಾಬಿಗಳು ಸಿಟ್ಟಿಗೆದ್ದರು. ಪ್ರವಾದಿವರ್ಯರು(ಸ) ಅವನನ್ನು ಗದರಲು ಬಿಡದೆ, ಅದರ ಮೇಲೆ ಒಂದು ಕೊಡ ನೀರು ಹೊಯ್ಯಿರಿ ಎಂದರು. ದೀನನ್ನು ಸುಲಭ ಮಾಡಲು ನಾವಿದ್ದೇವೆ ಎಂದು ಕಲಿಸಿದರು. ಸಾಧ್ಯವಾದರೆ ಒಂದು ಲುಂಗಿಯನ್ನೋ ಜುಬ್ಬಾವನ್ನೋ ಲಾಕರ್‌ನಲ್ಲಿ ಇಟ್ಟುಕೊಳ್ಳಿ, ಮನಸ್ಸಿಗೆ ಸಮಾಧಾನ. ಇಲ್ಲದಿದ್ದರೆ ಆ ಕಾರಣಕ್ಕೆ ನಮಾಝಿನ ಸಮಯ ತಪ್ಪಿಸಬೇಡಿ. ನಿಮ್ಮ ಮಝ್‌ಹಬಿನ ವಿವರಗಳನ್ನು ಉಸ್ತಾದರಲ್ಲಿ ಕೇಳಿ. ನಮ್ಮ ಕರಾವಳಿಯವರಲ್ಲಿ ಹೆಚ್ಚಿನವರು ಶಾಫಿಈ, ಉತ್ತರ ಕರ್ನಾಟಕದವರಲ್ಲಿ ಹೆಚ್ಚಿನವರು ಹನಫಿ. ಸಣ್ಣ ವ್ಯತ್ಯಾಸಗಳಿರಬಹುದು, ಮೂಲ ತತ್ವ ಒಂದೇ.

ಉಪವಾಸದ ಹೊತ್ತಿನಲ್ಲಿ ಫಿನಾಯಿಲ್, ಬ್ಲೀಚ್ ವಾಸನೆ ಮೂಗಿಗೆ ಬಡಿದರೆ ಉಪವಾಸ ಮುರಿಯುವುದಿಲ್ಲ. ಆದರೆ ದೇಹವೂ ಒಂದು ಅಮಾನತ್. ಬ್ಲೀಚ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಎರಡನ್ನು ಎಂದೂ ಬೆರೆಸಬೇಡಿ, ಅದರಿಂದ ವಿಷಗಾಳಿ ಹುಟ್ಟುತ್ತದೆ. ಬಾಗಿಲು ತೆರೆದಿಡಿ, ಗ್ಲೌಸ್ ಹಾಕಿ, ಮಾಸ್ಕ್ ಇದ್ದರೆ ಹಾಕಿ. ಬಿಸಿಲಿಗೆ ತಲೆ ತಿರುಗಿ ಪ್ರಾಣಕ್ಕೆ ಅಪಾಯ ಎಂದಾದರೆ ಉಪವಾಸ ಬಿಟ್ಟು ಮತ್ತೆ ಖಝಾ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ.

ಊರಿಗೆ ಏನೆಂದು ಹೇಳಬೇಕು?

ಇದು ಕಷ್ಟದ ಪ್ರಶ್ನೆ. ಊರಿಗೆ ಹೋದಾಗ ಎಲ್ಲರೂ ಕೇಳುತ್ತಾರೆ, "ಗಲ್ಫಿನಲ್ಲಿ ಏನು ಕೆಲಸ?" "ಕಂಪೆನಿಯಲ್ಲಿ" ಎಂದರೆ ಅದು ಸುಳ್ಳಲ್ಲ. ಕೇಳಿದವರಿಗೆಲ್ಲ ನಮ್ಮ ಕೆಲಸದ ವಿವರ ಒಪ್ಪಿಸುವ ಸಾಲ ನಮ್ಮ ಮೇಲೆ ಇಲ್ಲ. ಸುಮ್ಮನಿರುವುದು ಒಂದು, ಸುಳ್ಳು ಹೇಳುವುದು ಇನ್ನೊಂದು.

ಮದುವೆಯ ಮಾತು ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಹುಡುಗಿಯ ಕಡೆಯವರು ಕೇಳಿದಾಗ "ಸೂಪರ್‌ವೈಸರ್", "ಆಫೀಸಿನಲ್ಲಿ" ಎಂದು ಹೇಳಿದರೆ ಒಂದು ಹೆಣ್ಣುಮಗಳ ಜೀವನ ಸುಳ್ಳಿನ ಮೇಲೆ ಶುರುವಾಗುತ್ತದೆ. ಸಂಬಳ ಎಷ್ಟು, ಊರಿಗೆ ಎಷ್ಟು ವರ್ಷಕ್ಕೊಮ್ಮೆ ಬರುವುದು, ಅವಳನ್ನು ಕರೆಸಿಕೊಳ್ಳಲು ಆಗುತ್ತದೋ ಇಲ್ಲವೋ ಎಂಬುದು ತಿಳಿಯುವ ಹಕ್ಕು ಅವಳಿಗಿದೆ. ಅಲ್ಲಿ ನಿಜವನ್ನೇ ಹೇಳಬೇಕು. ಹೇಳಿದರೆ ಸಂಬಂಧ ತಪ್ಪಬಹುದು, ಅದು ನನಗೂ ಗೊತ್ತು. ನಿಜ ಹೇಳಿದ್ದಕ್ಕೆ ತಪ್ಪಿದ ಸಂಬಂಧ ಸುಳ್ಳಿನ ಮೇಲೆ ನಿಂತ ಸಂಬಂಧಕ್ಕಿಂತ ಕಡಿಮೆ ನಷ್ಟದ್ದು.

ಆದರೆ ಹುಡುಗನ ಸುಳ್ಳನ್ನು ಮಾತ್ರ ತೂಗಿ ಬಿಟ್ಟರೆ ತಕ್ಕಡಿ ಸರಿಯಾಗಲಿಲ್ಲ. ನಿಜವನ್ನು ಇಷ್ಟು ದುಬಾರಿ ಮಾಡಿದವರು ಯಾರು? ಊರಿನ ಮಸೀದಿಗೆ ಬಂದ ದೇಣಿಗೆಯ ದಿರ್ಹಮ್ ಯಾವ ಕೆಲಸದಿಂದ ಬಂತೆಂದು ಯಾರೂ ಮೂಗು ಹಿಡಿಯುವುದಿಲ್ಲ. ತಂಗಿಯ ಮದುವೆಗೆ, ತಮ್ಮನ ಡಿಗ್ರಿಗೆ, ಮನೆಯ ಆರ್‌ಸಿಸಿಗೆ ಆ ದುಡ್ಡು ಆಗುತ್ತದೆ. ದುಡಿದ ಕೈ ಮಾತ್ರ ಆಗುವುದಿಲ್ಲ. ಬಡ್ಡಿಗೆ ಸಾಲ ಕೊಟ್ಟು ಕಾರು ಇಟ್ಟುಕೊಂಡವನಿಗೆ ಸಭೆಯಲ್ಲಿ ಕುರ್ಚಿ, ಹಲಾಲಾಗಿ ಮಾಪ್ ಹಿಡಿದವನಿಗೆ ಪಿಸುಮಾತು ಎಂದಾದರೆ ನಮ್ಮ ಜಮಾಅತ್‌ಗಳ ತಕ್ಕಡಿಯಲ್ಲೇ ದೋಷವಿದೆ. ತನ್ನ ಕೈಯಾರೆ ದುಡಿದು ತಿನ್ನುವ ಆಹಾರಕ್ಕಿಂತ ಉತ್ತಮ ಆಹಾರ ಇಲ್ಲವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ, ಹ. ದಾವೂದ್(ಅ)ರ ಉದಾಹರಣೆಯನ್ನೂ ಕೊಟ್ಟಿದ್ದಾರೆ. ದಾವೂದ್(ಅ) ಪ್ರವಾದಿ ಮಾತ್ರವಲ್ಲ, ದೊರೆಯೂ ಹೌದು. ಕುರಿ ಕಾಯದ ಪ್ರವಾದಿ ಇಲ್ಲ ಎಂದೂ, ತಾನೂ ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾದಿದ್ದೆನೆಂದೂ ಅವರೇ ಹೇಳಿಕೊಂಡಿದ್ದಾರೆ.

ಹೊಗಳಿಕೆ ಕೂಲಿಯಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. "ನಿಮ್ಮ ಕೆಲಸ ದೊಡ್ಡದು, ಅಲ್ಲಾಹನ ಬಳಿ ಪ್ರತಿಫಲವಿದೆ" ಎಂದು ಹೇಳಿ ಸಂಬಳ ತಡಮಾಡುವುದು ಬಾಯ್ಮಾತಿನ ಬೆಲ್ಲ. ಪರಲೋಕದ ಪ್ರತಿಫಲ ಕೊಡುವವನು ಅಲ್ಲಾಹು. ಇಹಲೋಕದ ಕೂಲಿ ಕೊಡಬೇಕಾದವನು ಮಾಲೀಕ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಉಳಿಸಿಕೊಳ್ಳುವಂತಿಲ್ಲ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ತಾನೇ ಎದುರುವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿರುವುದು ಬುಖಾರಿಯ ಹದೀಸಿನಲ್ಲಿದೆ.

ಹಕ್ಕು ಕೇಳುವುದು ಸಬ್ರ್‌ಗೆ ವಿರುದ್ಧ ಎಂದು ಕೆಲವರು ತಿಳಿದಿದ್ದಾರೆ. ಒಬ್ಬಾತ ಪ್ರವಾದಿವರ್ಯರ(ಸ) ಬಳಿಯೇ ಬಂದು ತನಗೆ ಬರಬೇಕಾದ್ದನ್ನು ಒರಟಾಗಿ ಕೇಳಿದ. ಸಹಾಬಿಗಳು ಅವನ ಮೇಲೆ ಏರಿಹೋಗಲು ಹೊರಟಾಗ, ಬಿಡಿ, ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವಿದೆ ಎಂದು ತಡೆದರು. ಅವನಿಗೆ ಬರಬೇಕಾದ್ದಕ್ಕಿಂತ ಉತ್ತಮವಾದ ಒಂಟೆಯನ್ನೇ ಕೊಡಿಸಿದರು.

ಆದ್ದರಿಂದ ನಿಮ್ಮ ಹಕ್ಕು ತಿಳಿದಿರಿ. ಈ ದೇಶದ ಖಾಸಗಿ ಕಂಪೆನಿಗಳಿಗೆ ಸಾಮಾನ್ಯವಾಗಿ ಅನ್ವಯವಾಗುವುದು 2021ರ 33ನೇ ನಂಬರಿನ ಕಾರ್ಮಿಕ ಕಾನೂನು. ಅದು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ. ರಮಝಾನ್‌ನಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ನಿಮ್ಮ ಪಾಸ್‌ಪೋರ್ಟನ್ನು ಕಂಪೆನಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಂಡ ಖರ್ಚನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. 2009ರಿಂದ ಇರುವ ಡಬ್ಲ್ಯುಪಿಎಸ್ ವ್ಯವಸ್ಥೆಯ ಮೂಲಕ ಸಂಬಳ ಪಾವತಿಯಾಗುವುದರಿಂದ ತಡವಾದದ್ದು ದಾಖಲೆಯಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಹೊರಗೆ ಗಾಜು ಒರೆಸುವವರು ಇದನ್ನು ನೆನಪಿಡಿ.

ಗ್ರಾಚ್ಯುಟಿ ಲೆಕ್ಕ ಹೀಗೆ. ಒಂದು ವರ್ಷ ಪೂರ್ತಿಯಾದವರಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ನಿಮ್ಮ ಬೇಸಿಕ್ 600 ದಿರ್ಹಮ್ ಎಂದುಕೊಳ್ಳಿ. ದಿನಕ್ಕೆ 20 ಆಯಿತು. ವರ್ಷಕ್ಕೆ 420, ಐದು ವರ್ಷಕ್ಕೆ 2,100. ಎಂಟು ವರ್ಷ ದುಡಿದರೆ ಉಳಿದ ಮೂರು ವರ್ಷಕ್ಕೆ 1,800 ಸೇರಿ ಒಟ್ಟು 3,900. ಇದು ಯಾರ ದಾನವೂ ಅಲ್ಲ, ನೀವು ಆಗಲೇ ದುಡಿದು ಇಟ್ಟಿರುವ ದುಡ್ಡು. ಕರಾರುಪತ್ರದ ಒಂದು ಫೋಟೊ ನಿಮ್ಮ ಮೊಬೈಲಿನಲ್ಲಿ ಸದಾ ಇರಲಿ.

ಇನ್ನೂ ಒಂದು ಮಾತು. ಈ ಕೆಲಸಕ್ಕೆ ಗೌರವವಿದೆ ಎಂದರೆ ಜೀವನವಿಡೀ ಇದರಲ್ಲೇ ಇರಬೇಕೆಂದಲ್ಲ. ಡ್ರೈವಿಂಗ್, ಏ.ಸಿ. ರಿಪೇರಿ, ಕಂಪ್ಯೂಟರ್ ಕಲಿತು ಮೇಲೆ ಹೋಗಬೇಕೆಂಬ ಆಸೆ ನಾಶುಕ್ರಿಯಲ್ಲ. ಹೆಚ್ಚು ಸಂಬಳಕ್ಕಾಗಿ ಕೆಲಸ ಬಿಡಿ, ಆರೋಗ್ಯಕ್ಕಾಗಿ ಬಿಡಿ. ನಾಚಿಕೆಗಾಗಿ ಬಿಡಬೇಡಿ.

ಇಫ್ತಾರಿನ ನಂತರ

ಕೊನೆಯದಾಗಿ, ಶುಚಿ ಕೆಲಸದಲ್ಲಿ ಇಲ್ಲದ ನಮ್ಮಂಥವರಿಗೆ ಕೆಲವು ಮಾತು. ಮಗ್‌ರಿಬ್ ಅಝಾನ್ ಆದಾಗ ಇಫ್ತಾರಿನ ಹಾಸಿನಲ್ಲಿ ಎಲ್ಲರೂ ಸಮಾನರು. ಇಂಜಿನಿಯರ್ ಪಕ್ಕದಲ್ಲಿ ನಾತೂರ್, ಅವನ ಪಕ್ಕದಲ್ಲಿ ಬಲದಿಯಾದ ಗುಡಿಸುವವನು. ಹದಿನೈದು ನಿಮಿಷ ಕಳೆದ ಮೇಲೆ ನೋಡಿ. ನಮಾಝ್‌ಗೆ ಎಲ್ಲರೂ ಎದ್ದಿದ್ದಾರೆ. ಹಾಸಿನ ಮೇಲೆ ಖರ್ಜೂರದ ಬೀಜ, ಅರ್ಧ ತಿಂದ ಬಿರಿಯಾನಿ, ಮಗುಚಿದ ಲಬನ್ ಬಾಟ್ಲಿ. ಅದನ್ನು ಎತ್ತುವವನೂ ನಮ್ಮಷ್ಟೇ ಹಸಿದು ಉಪವಾಸ ಇದ್ದವನು. ನಮ್ಮ ತರಾವೀಹ್ ಶುರುವಾಗುವಾಗ ಅವನ ಕೈಯಲ್ಲಿ ಇನ್ನೂ ಕಸದ ಚೀಲವಿರುತ್ತದೆ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ್ದನ್ನು ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಕೈಜೋಡಿಸುವುದೆಂದರೆ ಇಲ್ಲಿ ಬಹಳ ಸುಲಭ. ನಮ್ಮ ಮುಂದಿನ ಬೀಜ, ಬಾಟ್ಲಿ, ಪ್ಲೇಟನ್ನು ನಾವೇ ಚೀಲಕ್ಕೆ ಹಾಕಿ ಏಳುವುದು. ಪ್ರತಿ ದಿನ ಹತ್ತು ಜನ ಉಳಿದು ಹಾಸು ಮಡಚಿದರೆ ಶುಚಿ ಮಾಡುವವನಿಗೂ ಜಮಾಅತ್ ಸಿಗುತ್ತದೆ. ಈ ರಮಝಾನ್‌ನಲ್ಲಿ ಒಬ್ಬನಿಗೆ ಒಂದು ತರಾವೀಹ್ ದೊರಕಿಸಿಕೊಟ್ಟರೆ ಅದು ಸಣ್ಣ ಸದಕಾ ಅಲ್ಲ.

ನಿಮ್ಮ ಕಟ್ಟಡದ ಮೆಟ್ಟಿಲು ಒರೆಸುವವನ ಹೆಸರು ತಿಳಿದುಕೊಳ್ಳಿ. ಅವನು ಬೇರೆ ಭಾಷೆಯವನಾದರೂ, ಬೇರೆ ಧರ್ಮದವನಾದರೂ ಸರಿ. ಹೆಸರು ಗೊತ್ತಿದ್ದರೆ ಮಾತ್ರ ಅವನು ಕಾಣದ ದಿನ ಕೇಳಲು ಬರುತ್ತದೆ. ಸೋನಾಪುರ, ಅಲ್ ಕೂಝ್, ಮುಸಫ್ಫಾದ ಕ್ಯಾಂಪುಗಳ ಮಂಚಗಳಲ್ಲಿ ಜ್ವರ ಬಂದು ಮಲಗಿದವರಲ್ಲಿ ಹಲವರನ್ನು ಅಂದು ಕೇಳುವವರು ಸೂಪರ್‌ವೈಸರ್ ಮಾತ್ರ. ಅವನು ಕೇಳುವುದು ಡ್ಯೂಟಿಗಾಗಿ. ಇವನು ಯಾಕೆ ಬಂದಿಲ್ಲ ಎಂದು ಇವನಿಗಾಗಿಯೇ ಕೇಳುವ ಒಬ್ಬನಾದರೂ ಪ್ರತಿಯೊಬ್ಬನಿಗೂ ಇರಬೇಕು. ಮದೀನಾದ ಆ ಘಟನೆಯಿಂದ ನಮ್ಮ ಸಂಘ ಒಂದೇ ಒಂದು ಕೆಲಸ ಕಲಿತರೂ ಸಾಕು. ಪ್ರತಿ ಶುಕ್ರವಾರ ಜುಮಾ ಆದ ಮೇಲೆ, ಕಳೆದ ವಾರ ಇದ್ದು ಈ ವಾರ ಕಾಣದವರು ಯಾರು ಎಂದು ಕೇಳಿ, ಆ ಸಂಜೆಯೇ ಅವರ ಕೋಣೆಗೆ ಇಬ್ಬರನ್ನು ಕಳಿಸುವುದು.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ. ಹಲಾಲ್ ಅನ್ನಕ್ಕಾಗಿ ನೆಲಕ್ಕೆ ಬಾಗುವ ಬೆನ್ನುಗಳನ್ನು ಜನರ ಮುಂದೆ ತಗ್ಗದಂತೆ ಕಾಪಾಡಲಿ. ಊರಲ್ಲಿ ಕಾಯುತ್ತಿರುವ ತಾಯಂದಿರಿಗೆ, ಮಡದಿ ಮಕ್ಕಳಿಗೆ ಆರೋಗ್ಯ ಕೊಡಲಿ. ನಮ್ಮ ಉಪವಾಸ, ನಮಾಝ್ ಮತ್ತು ನಮ್ಮ ಕೈಗಳ ಕೆಲಸವನ್ನು ಸ್ವೀಕರಿಸಲಿ. ಆಮೀನ್ ಯಾ ರಬ್ಬಲ್ ಆಲಮೀನ್.